ಗೆರೆ ತುಂಡಾದ ಜಾಗ

ಟ್ಯಾಬಿನ ಪೆನ್ನು ಕೆಟ್ಟಿದೆ ಎಂದು ಸೊಸೆ ಮೊದಲ ಸಲ ಹೇಳಿದಾಗ ಚೀಲದಮ್ಮ ಬಟಾಣಿ ಸುಲಿಯುತ್ತಿದ್ದಳು. ತಲೆ ಎತ್ತದೆ, "ಪೆನ್ನು ತಾನೇ? ಬೇರೆ ತಗೊಂಡ್ರಾಯ್ತು," ಎಂದಳು. ಮೂವತ್ತು ವರ್ಷದಿಂದ ಶಾಲೆಯ ಚೀಲ, ತರಕಾರಿ ಚೀಲ, ಹೆಂಗಸರ ಕೈಚೀಲ ಹೊಲಿದು ಹೊಲಿದು ಬೀದಿಯಲ್ಲಿ ಆ ಹೆಸರು ಗಿಟ್ಟಿಸಿಕೊಂಡವಳು ಅವಳು. ಗಾಜಿನ ಮೇಲೆ ಶಾಯಿಯಿಲ್ಲದೆ ಬರೆಯುವ ಪೆನ್ನು ಕೆಡುವುದಾದರೂ ಹೇಗೆ ಎಂಬುದು ಅವಳ ತಲೆಗೆ ಹೋಗಲಿಲ್ಲ. ಶಾಯಿ ಇದ್ದರೆ ತಾನೇ ಮುಗಿಯುವುದು!

"ಇದು ಆ ಥರದ ಪೆನ್ನಲ್ಲ ಅತ್ತೆ. ಗೆರೆ ಎಳೀತಾ ಹೋದ್ರೆ ಮಧ್ಯೆ ಮಧ್ಯೆ ತುಂಡಾಗ್ತಿದೆ."

"ಗಟ್ಟಿಯಾಗಿ ಒತ್ತು."

ಸೊಸೆ ಗಟ್ಟಿಯಾಗಿ ಒತ್ತಿದಳು. ಗೆರೆ ಚೆನ್ನಾಗಿಯೇ ಬರುತ್ತಿದ್ದದ್ದು ಒಂದು ಕಡೆ ಮಾಯವಾಗಿ, ಬೆರಳಗಲ ಮುಂದೆ ಹೋಗಿ ಮತ್ತೆ ಕಾಣಿಸಿಕೊಂಡಿತು. ಬಿಡಿಸುತ್ತಿದ್ದದ್ದು ಬಡಗಿಯ ಚಿತ್ರ. ಪಾಪ, ಅವನ ಗರಗಸದ ನಡುವೆ ಹಲ್ಲೇ ಇಲ್ಲದಂತಾಯಿತು.

ಈ ಪೆನ್ನನ್ನು ನಂಬಿಕೊಂಡೇ ಸೊಸೆ ನಾಲ್ಕು ತಿಂಗಳ ಹಿಂದೆ ಔಷಧಿ ಅಂಗಡಿಯ ಕೆಲಸ ಬಿಟ್ಟಿದ್ದಳು. ಅಲ್ಲಿ ದಿನಕ್ಕೆ ಒಂಬತ್ತು ಗಂಟೆ ನಿಂತೇ ಇರಬೇಕು. ಸಂಜೆಯ ಹೊತ್ತಿಗೆ ಅವಳ ಪಾದ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಮಕ್ಕಳ ಪುಸ್ತಕ ಹಾಕುವ ಪ್ರಕಾಶಕರೊಬ್ಬರು ಅವಳಿಂದ ಮೊದಲು ಒಂದು ಪುಸ್ತಕಕ್ಕೆ, ಆಮೇಲೆ ಇನ್ನೊಂದಕ್ಕೆ ಚಿತ್ರ ಬರೆಸಿಕೊಂಡು, ಈಗ ಮೂರನೆಯದನ್ನು ಕೊಟ್ಟಿದ್ದರು. ಕೈಯಿಂದ ಕೆಲಸ ಮಾಡುವವರ ಪುಸ್ತಕ, ಇಪ್ಪತ್ತನಾಲ್ಕು ಚಿತ್ರ. ಹೇಳಿದ ದಿನಕ್ಕೆ ಮುಗಿದರೆ ವರ್ಷವಿಡೀ ಕೆಲಸ. ಮುಗಿಯದಿದ್ದರೆ ಅದು ಬೇರೆಯವರ ಪಾಲು.

ಅಂಗಡಿ ಬಿಟ್ಟ ದಿನ ಚೀಲದಮ್ಮ ಮನೆಯ ಮಾಡು ಹಾರಿಹೋಗುವಂತೆ ಕೂಗಾಡಿದ್ದಳು. "ಗೊಂಬೆ ಬಿಡಿಸೋದೂ ಒಂದು ಕೆಲಸಾನಾ? ಅದನ್ನ ನಮ್ಮ ಚಿನಕುರುಳಿಯೂ ಮಾಡ್ತಾಳೆ!" ಚಿನಕುರುಳಿ ಎಂದರೆ ಎಂಟು ವರ್ಷದ ಮೊಮ್ಮಗಳು. ಬಾಯಿ ಬಿಟ್ಟರೆ ಪಟಪಟ ಎನ್ನುವುದರಿಂದ ಅಜ್ಜಿಯೇ ಇಟ್ಟ ಹೆಸರು. ಅಂದಿನಿಂದ ಅತ್ತೆ ಸೊಸೆಯರ ನಡುವೆ ಮಾತು ಅನ್ನ, ಬೇಳೆ, ನೀರು ಬಂತು, ಗ್ಯಾಸ್ ಮುಗೀತು ಎನ್ನುವಷ್ಟಕ್ಕೇ ನಿಂತಿತ್ತು. ಒಂದೇ ಮೇಜು. ಕಿಟಕಿಯ ಕಡೆ ಅತ್ತೆಯ ಹೊಲಿಗೆ ಯಂತ್ರ, ಗೋಡೆಯ ಕಡೆ ಸೊಸೆಯ ಟ್ಯಾಬು. ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗುತ್ತಿತ್ತು. ಕಣ್ಣು ಮಾತ್ರ ಒಬ್ಬರ ಕೆಲಸದ ಮೇಲೆ ಇನ್ನೊಬ್ಬರದು ಬೀಳುತ್ತಿರಲಿಲ್ಲ.

ಹೀಗಿರುವಾಗ, ಪೆನ್ನು ಕೆಡುವುದಕ್ಕೆ ಕೆಲವೇ ದಿನ ಮೊದಲು, ಒಂದು ಬೆಳಿಗ್ಗೆ ಚಿನಕುರುಳಿಯ ಕೈಜಾರಿ ಟ್ಯಾಬು ನೆಲಕ್ಕೆ ಬಿತ್ತು. ಗಾಜು ಒಡೆಯಲಿಲ್ಲ, ಮಗುವಿನ ಮುಖ ಮಾತ್ರ ಬಿಳಿಚಿಕೊಂಡಿತು. ಮಾರನೆಯ ದಿನವೇ ಚೀಲದಮ್ಮ ಟ್ಯಾಬಿಗೊಂದು ದಪ್ಪನೆಯ ಕವಚ ಹೊಲಿದಳು. ನೀಲಿ ಕ್ಯಾನ್ವಾಸು, ಒಳಗೆ ಸ್ಪಂಜು, ನಾಲ್ಕು ಮೂಲೆಗೆ ಹಿಡಿಪಟ್ಟಿ, ಮೇಲೆ ಮುಚ್ಚಳ. ಮುಚ್ಚಳ ತಾನಾಗಿಯೇ ಟಕ್ಕೆಂದು ಕಚ್ಚಿಕೊಳ್ಳುವ ಹಾಗೆ ಕೈಚೀಲಗಳಿಗೆ ಹಾಕುವ ಎರಡು ಜೊತೆ ಮ್ಯಾಗ್ನೆಟ್ ಗುಂಡಿಗಳನ್ನು ಬಟ್ಟೆಯೊಳಗೆ ಕಾಣದಂತೆ ಕೂರಿಸಿದಳು. ಗಿರಾಕಿಯ ಚೀಲಕ್ಕೂ ಅಷ್ಟು ಸಣ್ಣ ಹೊಲಿಗೆ ಹಾಕಿದವಳಲ್ಲ.

"ಒಡೆದುಹೋದ್ರೆ ನನ್ನ ಮಗನ ತಲೆಗೇ ತಾನೇ ಬರೋದು," ಎಂದು ಸೊಸೆಯ ಮುಂದೆ ಇಟ್ಟು ಒಳಗೆ ಹೋದಳು.

ಸೊಸೆ ಆಗಲೇ ಅದನ್ನು ಟ್ಯಾಬಿಗೆ ತೊಡಿಸಿದಳು. ಚಿತ್ರ ಬರೆಯುವಾಗ ಮುಚ್ಚಳವನ್ನು ಹಿಂದಕ್ಕೆ ಮಡಚಿ ಟ್ಯಾಬಿನ ಅಡಿಗೆ ಇಟ್ಟುಕೊಂಡರೆ ಅದು ಸ್ವಲ್ಪ ಓರೆಯಾಗಿಯೂ ನಿಲ್ಲುತ್ತಿತ್ತು. ಎರಡು ದಿನವಾದ ಮೇಲೆ, ಸೆಕೆಗೆ ಬಿಸಿಯಾಗುತ್ತಿದೆಯೆಂದು ಚಾರ್ಜಿಗೆ ಹಾಕುವಾಗ ಕವಚ ತೆಗೆದು ಕುರ್ಚಿಯ ಮೇಲೆ ಇಟ್ಟಳು. ಚೀಲದಮ್ಮ ನೋಡಿದಳು. ಅವತ್ತು, ಅದರ ಮಾರನೆ ದಿನ, ಎರಡು ದಿನವೂ ತಟ್ಟೆ ಹಿಡಿದುಕೊಂಡು ಅಡುಗೆಮನೆಯಲ್ಲೇ ಕೂತು ಒಬ್ಬಳೇ ಊಟ ಮಾಡಿದಳು. ಸೊಸೆ ಕವಚವನ್ನು ಮತ್ತೆ ತೊಡಿಸಿದಳು. ಆಮೇಲೆ ಅದು ಟ್ಯಾಬಿನ ಮೈಬಿಟ್ಟು ಇಳಿಯಲಿಲ್ಲ. ಅದೇ ವಾರ ಗೆರೆ ತುಂಡಾಗತೊಡಗಿತು. ಬಿದ್ದದ್ದಕ್ಕೇ ಹೀಗಾಗಿದೆ ಎಂದು ಎಲ್ಲರೂ ಅಂದುಕೊಂಡರು. ಬಿದ್ದ ವಸ್ತು ಕೆಟ್ಟರೆ ಬೇರೆ ಕಾರಣ ಹುಡುಕುವವರು ಯಾರು?

ಮೊದಲ ವಾರ ಮಗ ಅದಕ್ಕೆ ಕೈಹಾಕಿದ. ಅವನು ಲಿಫ್ಟ್ ಮೆಕ್ಯಾನಿಕ್. ಹದಿನಾಲ್ಕು ಮಹಡಿಯ ಲಿಫ್ಟನ್ನೇ ಏರಿಸಿ ಇಳಿಸುವವನಿಗೆ ಗೇಣುದ್ದದ ಪೆನ್ನು ಯಾವ ಲೆಕ್ಕ?

"ಚಾರ್ಜ್ ಮುಗಿದಿರುತ್ತೆ," ಎಂದ.

"ಇದಕ್ಕೆ ಚಾರ್ಜೇ ಇಲ್ಲ ರೀ. ಒಳಗೆ ಸೆಲ್ಲೂ ಇಲ್ಲ."

"ಸೆಲ್ ಇಲ್ದೆ ಹೇಗೆ ಓಡುತ್ತೆ?" ಅವನು ಪೆನ್ನನ್ನು ತಿರುಗಿಸಿ ಮುರುಗಿಸಿ ತೂತು ಹುಡುಕಿದ. ಸಿಗಲಿಲ್ಲ. ಸಿಗದಿದ್ದದ್ದು ಪೆನ್ನಿನ ತಪ್ಪೇ ಎಂಬಂತೆ ಅದನ್ನೊಮ್ಮೆ ಕೊಡವಿದ. ಆಮೇಲೆ ಒಂದೇ ಏಟಿಗೆ ಟ್ಯಾಬು ಆರಿಸಿ ಹಚ್ಚಿದ, ಪೆನ್ನಿನ ಮೊನೆ ಬದಲಿಸಿದ, ಗಾಜಿನ ಮೇಲಿನ ತೆಳು ಹಾಳೆ ಕಿತ್ತ, ಯಾವ ಯಾವುದೋ ಆಪ್ ಅಳಿಸಿದ, ಕನ್ನಡಕದ ಬಟ್ಟೆಯಿಂದ ಗಾಜು ಉಜ್ಜಿದ. "ಈಗ ನೋಡು!"

ಸೊಸೆ ಗೆರೆ ಎಳೆದಳು. ತುಂಡಾಯಿತು.

ಚೀಲದಮ್ಮ ಯಂತ್ರದ ಮುಂದಿನಿಂದ ಓರೆಗಣ್ಣಲ್ಲಿ ನೋಡುತ್ತಿದ್ದಳು. ಐದನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಯಾರಿಗೆ ಗೊತ್ತಾಗುತ್ತದೆ? ಯಂತ್ರದ ಹೊಲಿಗೆ ತಪ್ಪತೊಡಗಿದರೆ ಅವಳದೊಂದು ಕ್ರಮವಿತ್ತು. ಚಿಂದಿ ಬಟ್ಟೆಯ ಪಟ್ಟಿ ಇಟ್ಟುಕೊಂಡು ಸೂಜಿ ಬದಲಿಸಿ ಎರಡಿಂಚು ಹೊಲಿಯುವುದು. ಹೋಗಲಿಲ್ಲವೋ, ಹಳೆ ಸೂಜಿಯನ್ನೇ ಹಾಕಿ ಈಗ ದಾರ ಬದಲಿಸುವುದು. ಮತ್ತೆ ಎರಡಿಂಚು. ಆಮೇಲೆ ಕೆಳದಾರ ಸುತ್ತಿದ ಬಾಬಿನ್. ಒಂದು ಸಲಕ್ಕೆ ಒಂದೇ. ಹೇಳೋಣವೆಂದು ಬಾಯಿ ತೆರೆದವಳು ಮುಚ್ಚಿಕೊಂಡಳು. ಕೇಳದೆ ಹೇಳಿದರೆ ಮುದುಕಿಗೆ ಎಲ್ಲದರಲ್ಲೂ ಮೂಗು ಎನ್ನುತ್ತಾರೆ.

ಮುಚ್ಚಿಕೊಂಡದ್ದು ಅದೊಂದೇ ಮಾತಲ್ಲ. ಆ ಹೊತ್ತಿಗೆ ಟ್ಯಾಬಿನಲ್ಲಿ ಅರ್ಧ ಮುಗಿದ ಚಿತ್ರವೊಂದು ಕಂಡಿತ್ತು. ದರ್ಜಿ ಹೆಂಗಸು, ಹೊಲಿಗೆ ಯಂತ್ರ. ಯಂತ್ರದ ಸೂಜಿಗೆ ಕಣ್ಣನ್ನು ಮೇಲ್ಗಡೆ ಇಟ್ಟಿದ್ದಳು ಸೊಸೆ, ಕೈಸೂಜಿಗೆ ಇರುವ ಹಾಗೆ! ಯಂತ್ರದ ಸೂಜಿಗೆ ಕಣ್ಣು ಇರುವುದು ಮೊನೆಯ ಹತ್ತಿರ. ಹನ್ನೊಂದು ವರ್ಷದಿಂದ ಪಕ್ಕದಲ್ಲೇ ಯಂತ್ರ ಕಟಕಟ ಎನ್ನುತ್ತಿದ್ದರೂ ಇವಳು ಒಂದು ದಿನ ಬಗ್ಗಿ ನೋಡಿಲ್ಲವಲ್ಲ ಎಂದು ಚೀಲದಮ್ಮನಿಗೆ ಮೈಯೆಲ್ಲ ಉರಿಯಿತು.

ಎರಡನೆಯ ವಾರ ಗಂಡ ಹೆಂಡತಿ ಇಬ್ಬರೂ ಟ್ಯಾಬು ಹೊತ್ತುಕೊಂಡು ರಿಪೇರಿ ಅಂಗಡಿಗೆ ಹೋದರು. ಅಂಗಡಿಯವನು ಗಾಜು ಬಿರಿದಿದೆಯೇ ನೋಡಲು ಕವಚ ಕಳಚಿ ಪಕ್ಕಕ್ಕಿಟ್ಟ. ಪೆನ್ನು ತೆಗೆದುಕೊಂಡು ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ ಗೀಚಿದ. ಒಂದು ಗೆರೆಯೂ ತುಂಡಾಗಲಿಲ್ಲ.

"ಚೆನ್ನಾಗೇ ಇದೆಯಲ್ಲಮ್ಮ."

ಸೊಸೆಯೂ ಎಳೆದು ನೋಡಿದಳು. ಚೆನ್ನಾಗೇ ಇತ್ತು. ಕವಚ ತೊಡಿಸಿ ಮನೆಗೆ ತಂದು ಮೇಜಿನ ಮೇಲಿಟ್ಟು ಎಳೆದರೆ ಮತ್ತೆ ಅದೇ ಕಥೆ. ಮೂರು ದಿನ ಬಿಟ್ಟು ಮತ್ತೆ ಹೋದರು. ಅಲ್ಲಿ ಸರಿ, ಇಲ್ಲಿ ಇಲ್ಲ. ಡಾಕ್ಟರ ಎದುರು ಕೆಮ್ಮದ ರೋಗಿಯ ಹಾಗಾಯಿತು. ಅಂಗಡಿಯವನು ಬೇರೊಂದು ಪೆನ್ನು ಕೊಟ್ಟು ಕಳಿಸಿದ. ಅದೂ ಮನೆಯಲ್ಲಿ ಹಾಗೇ ಮಾಡಿತು. ಮೂರನೆಯ ಸಲ ಅವನು ಕೈಚೆಲ್ಲಿದ. "ಬಿದ್ದಿದೆ ಅಂತೀರಲ್ಲ, ಒಳಗಡೆ ಪೆಟ್ಟಾಗಿರುತ್ತೆ. ಒಂದ್ಸಲ ಬರುತ್ತೆ, ಒಂದ್ಸಲ ಬರಲ್ಲ. ರಿಪೇರಿ ಮಾಡ್ಸೋ ಬದಲು ಹೊಸದು ತಗೊಳ್ಳಿ."

ಹೊಸದು ತಗೊಳ್ಳುವ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ. ಆಗುವ ಮಾತಾಗಿರಲಿಲ್ಲ.

ಮೂರನೆಯ ವಾರ ಶುಕ್ರವಾರದ ಊಟಕ್ಕೆ ಅನ್ನ, ಬೇಳೆ, ಹುರಿದ ಆಲೂಗಡ್ಡೆ ಇತ್ತು. ಒಂದು ತುತ್ತು ತಿಂದು ಸೊಸೆ ಹೇಳಿದಳು: "ಪುಸ್ತಕದ ಮೇಡಂ ಫೋನ್ ಮಾಡಿದ್ರು. ಸೋಮವಾರಕ್ಕೆ ಎಲ್ಲಾ ಚಿತ್ರ ಬೇಕಂತೆ. ಇನ್ನೂ ಒಂಬತ್ತು ಬಾಕಿ. ನಾಳೆ ಔಷಧಿ ಅಂಗಡಿಗೆ ಹೋಗಿ ಮಾತಾಡ್ಕೊಂಡು ಬರ್ತೀನಿ. ಸೋಮವಾರದಿಂದ ಬಾ ಅಂದ್ರೆ ಹೋಗ್ತೀನಿ."

"ಕಾಗದದ ಮೇಲೆ ಬರೆದು ಕೊಡು," ಎಂದ ಮಗ.

"ಕಾಗದದಲ್ಲಾದ್ರೆ ಒಂದು ಚಿತ್ರಕ್ಕೆ ಎರಡು ದಿನ ಬೇಕು ರೀ. ಹದಿನೈದು ಒಂದು ಥರ, ಒಂಬತ್ತು ಇನ್ನೊಂದು ಥರ ಇದ್ರೆ ಅವ್ರು ತಗೊಳ್ತಾರಾ?"

ಚೀಲದಮ್ಮ ಬೇಳೆ ಬಡಿಸಲು ಸೌಟು ಎತ್ತಿದಳು. ಮಗ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡ.

"ನಿನಗೀಗ ಹಾಲು ಕುಡಿದಷ್ಟು ಸಂತೋಷ ಆಗಿರ್ಬೇಕು ಅಲ್ವೇನಮ್ಮ? ನಾಲ್ಕು ತಿಂಗಳಿಂದ ಇದನ್ನೇ ತಾನೇ ಕೇಳ್ಕೊಂಡಿದ್ದು?"

"ಬಾಯಿಗೆ ಬಂದ ಹಾಗೆ ಮಾತಾಡ್ಬೇಡ ಕಣೋ!"

"ಅತ್ತೆಗೆ ಯಾಕ್ರೀ ಅಂತೀರ," ಎಂದಳು ಸೊಸೆ, ತಟ್ಟೆ ನೋಡುತ್ತಲೇ. ಚಿನಕುರುಳಿ ಇದ್ದಕ್ಕಿದ್ದಂತೆ ಅಳತೊಡಗಿದಳು. "ನಾನೇ ಬೀಳ್ಸಿದ್ದು... ನನ್ನಿಂದಾನೇ ಅಮ್ಮನ ಕೆಲಸ ಹೋಯ್ತು..." ಮೂರು ವಾರದಿಂದ ಈ ಹುಡುಗಿ ಯಾಕೆ ಪಟಪಟ ಎನ್ನುತ್ತಿಲ್ಲ ಎಂದು ಮನೆಯವರಿಗೆ ಆಗಲೇ ತಿಳಿದದ್ದು.

ಚೀಲದಮ್ಮ ಸೌಟನ್ನು ಪಾತ್ರೆಯಲ್ಲೇ ಇಟ್ಟಳು. ಮಗ ಅಂದದ್ದು ಸುಳ್ಳೇನಲ್ಲ. ಇದೇ ಆಗಲಿ ಎಂದು ಒಂದು ಕಾಲಕ್ಕೆ ಬಯಸಿದ್ದಳು. ಈಗ ಆಗಿದೆ, ಸಂತೋಷ ಮಾತ್ರ ಎಲ್ಲೂ ಇಲ್ಲ. ಸೊಸೆಯ ಊದಿದ ಪಾದಗಳು ಕಣ್ಣಿಗೆ ಬಂದವು. ತಟ್ಟೆ ತೊಳೆದಿಡುವಷ್ಟರಲ್ಲಿ ಅವಳ ನಿರ್ಧಾರವಾಗಿತ್ತು. ಕೆಟ್ಟದ್ದು ಯಾವುದೇ ಇರಲಿ, ಅದಕ್ಕೊಂದು ಜಾಗ ಇದ್ದೇ ಇರುತ್ತದೆ. ಆ ಜಾಗ ಸಿಗುವವರೆಗೆ ತಾನು ಬಿಡುವುದಿಲ್ಲ.

ಶನಿವಾರ ಮಧ್ಯಾಹ್ನ ಸೊಸೆ ಔಷಧಿ ಅಂಗಡಿಗೆ ಹೊರಟಳು. ಮಗ ಕೆಲಸಕ್ಕೆ ಹೋಗಿದ್ದ. ಬಾಗಿಲು ಮುಚ್ಚಿದ ಸದ್ದಾದ ಕೂಡಲೇ ಚೀಲದಮ್ಮ ಸೆರಗು ಸಿಕ್ಕಿಸಿದಳು.

"ಏ ಚಿನಕುರುಳಿ, ಬಾ ಇಲ್ಲಿ. ನಿನಗೆ ಇದನ್ನ ಹಚ್ಚೋಕೆ ಬರುತ್ತಲ್ಲ?"

"ಬೇಡಜ್ಜಿ, ನಾನು ಮುಟ್ಟಲ್ಲ."

"ನಾನು ಹೇಳ್ತಿದ್ದೀನಿ, ಮುಟ್ಟು. ಬೈಯೋರು ಬಂದ್ರೆ ನನ್ನ ಹೆಸರು ಹೇಳು."

ಮಗು ಹೊಸ ಹಾಳೆ ತೆರೆದು ಪೆನ್ನು ಹಿಡಿಯಿತು. "ಈ ಅಂಚಿಂದ ಆ ಅಂಚಿಗೆ ಒಂದೇ ಗೆರೆ. ಪ್ರತಿ ಸಲ ಅಷ್ಟೇ. ಬೇರೆ ಏನೂ ಮಾಡ್ಕೂಡ್ದು," ಎಂದಳು ಅಜ್ಜಿ. ಮೊದಲು ಮೇಜಿನ ಮೇಲೆ. ಗೆರೆ ತುಂಡಾಯಿತು. ನೆಲದ ಮೇಲೆ. ತುಂಡಾಯಿತು. ಹೊಲಿಗೆ ಯಂತ್ರದ ಮೋಟಾರಿನ ಪ್ಲಗ್ ಕಿತ್ತು. ತುಂಡು. ಫ್ಯಾನು ಆರಿಸಿ, ಅದನ್ನು ಮತ್ತೆ ಹಾಕಿ, ಟ್ಯೂಬ್‌ಲೈಟು ಆರಿಸಿ, ಅದನ್ನೂ ಮತ್ತೆ ಹಚ್ಚಿ, ಚೀಲದಮ್ಮ ತನ್ನ ಬಳೆ ಬಿಚ್ಚಿ ದೂರವಿಟ್ಟು ಎಳೆಸಿದರೂ ತುಂಡು. ಒಂದು ಸಲಕ್ಕೆ ಒಂದೇ.

"ಅಜ್ಜಿ, ಬೇಜಾರಾಗ್ತಿದೆ."

"ಬೇಜಾರಾಗೋಕೆ ನಾವೇನು ಆಟ ಆಡ್ತಿದ್ದೀವಾ? ಎಳಿ."

ಹನ್ನೆರಡನೆಯ ಗೆರೆಗೆ ಅವಳು ಕನ್ನಡಕ ಹಾಕಿಕೊಂಡು ಬಗ್ಗಿದಳು. ಒಂದರ ಕೆಳಗೊಂದು ಒತ್ತೊತ್ತಾಗಿ ಹನ್ನೆರಡು ಗೆರೆ. ಎಲ್ಲವೂ ಎರಡೇ ಕಡೆ ತುಂಡಾಗಿದ್ದವು. ಅದೇ ಎರಡು ಕಡೆ. ಪೆನ್ನಿನದೋ ಕೈಯದೋ ತಪ್ಪಾಗಿದ್ದರೆ ಜಾಗ ಬೇರೆ ಬೇರೆ ಇರಬೇಕಿತ್ತು. ಕೊರಳಲ್ಲಿದ್ದ ಟೇಪನ್ನು ಎಳೆದು ಆ ಎರಡು ಜಾಗಗಳ ನಡುವೆ ಹಿಡಿದಳು, ಅಳೆಯುವುದು ಅವಳ ಚಾಳಿ ಎಂಬ ಕಾರಣಕ್ಕೇ.

ಐದು ಇಂಚು.

ಚೀಲದಮ್ಮನ ಕೈ ಅಲ್ಲೇ ನಿಂತಿತು. ಅದು ಅವಳದೇ ಅಳತೆ. ಯಾವ ಚೀಲವಿರಲಿ, ಒಂದು ಮ್ಯಾಗ್ನೆಟ್ಟಿನಿಂದ ಇನ್ನೊಂದಕ್ಕೆ ಅವಳು ಬಿಡುತ್ತಿದ್ದದ್ದು ಐದು ಇಂಚು. ಮೂವತ್ತು ವರ್ಷದಲ್ಲಿ ಕಾಲು ಇಂಚು ಆಚೆ ಈಚೆ ಆದದ್ದಿಲ್ಲ. ಟ್ಯಾಬಿನ ಅಡಿಗೆ ಮಡಚಿದ್ದ ಮುಚ್ಚಳಕ್ಕೆ ಬೆರಳು ತೂರಿಸಿ ತಡವಿದಳು. ಗೆರೆ ತುಂಡಾದ ಜಾಗದ ನೇರಕ್ಕೆ ಒಂದು ಗುಂಡಿ, ಐದು ಇಂಚು ಬಿಟ್ಟು ಇನ್ನೊಂದು.

"ಕವಚ ಬಿಚ್ಚೇ," ಎಂದಳು ಸಣ್ಣ ದನಿಯಲ್ಲಿ. "ಈಗ ಎಳಿ."

ಗೆರೆ ಅಂಚಿಂದ ಅಂಚಿಗೆ ಹೋಯಿತು. ಕವಚ ತೊಡಿಸಿದರು, ತುಂಡಾಯಿತು. ಬಿಚ್ಚಿದರು, ಬಂತು. ಮೂರು ಸಲ ಮಾಡಿದರು. ಚಿನಕುರುಳಿ ಎದ್ದು ನಿಂತು ಕುಣಿಯತೊಡಗಿದಳು. "ನಾನು ಬೀಳ್ಸಿದ್ದಕ್ಕಲ್ಲ! ಅಜ್ಜಿ, ನಾನಲ್ಲ! ನೀನು ಅದಕ್ಕೆ ಏನು ಹಾಕ್ದೆ?"

ಅಜ್ಜಿ ಕುರ್ಚಿಯ ಮೇಲೆ ಕುಸಿದಳು. ಏನು ಹಾಕಿದೆ! ಸೊಸೆಯ ಕೆಲಸ ಬೇಡ ಬೇಡ ಎಂದು ಊರೆಲ್ಲ ಕೇಳುವಂತೆ ಕೂಗಿದವಳು ತಾನೇ, ಈಗ ಕೆಡಿಸಿದವಳೂ ತಾನೇ. ಬೇಕೆಂದೇ ಮಾಡಿದಳು ಎಂದು ಮಗ ಅಂದರೆ ತಡೆಯುವ ನಾಲಗೆ ಎಲ್ಲಿದೆ? ಕವಚವನ್ನು ಚಿಂದಿಯ ಮೂಟೆಗೆ ಹಾಕಿ, ಟ್ಯಾಬು ತಾನಾಗಿ ಸರಿಹೋಯಿತು ಎಂದುಬಿಟ್ಟರೆ ಮುಗಿಯಿತು. ಒಂದು ಕ್ಷಣ ಹಾಗೇ ಮಾಡೋಣ ಎನಿಸಿತು. ಆದರೆ ಎದುರಿಗೆ ಮಗು ಕುಣಿಯುತ್ತಿತ್ತು. ತಾನಾಗಿ ಕೆಟ್ಟು ತಾನಾಗಿ ಸರಿಹೋಯಿತು ಎಂದರೆ, ಬೀಳಿಸಿದವಳು ಎಂಬ ಹೆಸರು ಆ ಮಗುವಿನ ಮೇಲೇ ಉಳಿಯುತ್ತದೆ.

ಅಷ್ಟರಲ್ಲಿ ಸೊಸೆ ಬಂದಳು, ಹಿಂದೆಯೇ ಮಗ. ಚಹಾ ಕೊಡುವವರೆಗೂ ಚೀಲದಮ್ಮ ಕಾಯಲಿಲ್ಲ.

"ಪೆನ್ನು ಕೆಟ್ಟಿಲ್ಲ. ಟ್ಯಾಬೂ ಕೆಟ್ಟಿಲ್ಲ. ಕೆಡಿಸಿದ್ದು ನಾನು. ಕವಚದಲ್ಲಿ ಮ್ಯಾಗ್ನೆಟ್ ಇಟ್ಟಿದ್ದೆ, ಅದು ಬಂದ ಜಾಗದಲ್ಲೆಲ್ಲ ಗೆರೆ ತುಂಡಾಗ್ತಿತ್ತು. ಮಗುವಿಂದ ಏನೂ ಆಗಿಲ್ಲ. ಇನ್ನು ಏನು ಬೈತೀರೋ ಬೈರಿ."

ಸೊಸೆ ಟ್ಯಾಬು ತೆಗೆದುಕೊಂಡು ಒಂದು ಗೆರೆ ಎಳೆದಳು. ಇನ್ನೊಂದು ಎಳೆದಳು. ಮಗ ಮಾತ್ರ ಕೆಂಡವಾದ.

"ಮೂರು ವಾರ ಅಮ್ಮ! ಮೂರು ವಾರ!"

"ಹೌದು ಕಣೋ. ಲಿಫ್ಟಿನ ಬಾಗಿಲಿಗೆ ದಿನಾ ಮ್ಯಾಗ್ನೆಟ್ ಕೂರಿಸೋನು ನೀನು. ನಿನಗಾದ್ರೂ ಹೊಳೀಬಾರ್ದಾಗಿತ್ತಾ?"

ಮಗ ಕವಚ ಎತ್ತಿಕೊಂಡು ಮ್ಯಾಗ್ನೆಟ್ ಇದ್ದ ಜಾಗವನ್ನು ಬೆರಳಿಂದ ಒತ್ತಿ ನೋಡಿದ.

"ಒಂದು ದಿನ ಅದನ್ನ ಬಿಚ್ಚಿ ನೋಡಿದ್ರೆ ಅವತ್ತೇ ಗೊತ್ತಾಗ್ತಿತ್ತಲ್ಲೇ," ಎಂದಳು ಚೀಲದಮ್ಮ ಸೊಸೆಗೆ. "ಯಾಕೆ ಬಿಚ್ಚಲಿಲ್ಲ?"

ಸೊಸೆ ಪೆನ್ನನ್ನು ಮೇಜಿನ ಮೇಲಿಟ್ಟಳು. "ಒಂದ್ಸಲ ಬಿಚ್ಚಿದ್ದಕ್ಕೆ ನೀವು ಎರಡು ದಿನ ನಮ್ಮ ಜೊತೆ ಊಟಕ್ಕೆ ಕೂರಲಿಲ್ಲ ಅತ್ತೆ."

ಆ ಮಾತು ನೆಟ್ಟಗೆ ಎದೆಗೆ ನಾಟಿತು. ಮ್ಯಾಗ್ನೆಟ್ಟಿನದು ಅರಿಯದೆ ಆದ ತಪ್ಪು. ಇದು ಅರಿತೇ ಮಾಡಿದ್ದು. ಚೀಲದಮ್ಮ ಎದ್ದು ಹೊಲಿಗೆ ಡಬ್ಬಿ ತೆರೆದಳು. ಕವಚವನ್ನು ತೊಡೆಯ ಮೇಲೆ ಹರಡಿಕೊಂಡು, ಅಷ್ಟು ಆಸೆಯಿಂದ ಹಾಕಿದ್ದ ಸಣ್ಣ ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸಿದಳು. ನಾಲ್ಕು ಗುಂಡಿಗಳೂ ಹೊರಬಂದು ಮೇಜಿನ ಮೇಲೆ ಟಕ್ಕೆಂದು ಒಂದಕ್ಕೊಂದು ಅಂಟಿಕೊಂಡವು.

"ಕಾಜಾ ಹೊಲಿದು ಮಾಮೂಲಿ ಗುಂಡಿ ಹಾಕ್ತೀನಿ. ಬೇಕಾದಾಗ ಹಾಕ್ಕೋ, ಬೇಡವಾದಾಗ ಬಿಸಾಕು. ನಾನು ನೋಡೋದೂ ಇಲ್ಲ, ಮುನಿಸ್ಕೊಳ್ಳೋದೂ ಇಲ್ಲ. ಔಷಧಿ ಅಂಗಡಿಯವನು ಏನಂದ?"

"ಸೋಮವಾರ ಬೆಳಿಗ್ಗೆ ಬಾ ಅಂದ್ರು."

"ಬರಲ್ಲ ಅಂತ ಈಗ್ಲೇ ಫೋನ್ ಮಾಡು."

"ಒಂಬತ್ತು ಚಿತ್ರ ಅತ್ತೆ. ಒಂದೂವರೆ ದಿನದಲ್ಲಿ ಆಗುತ್ತಾ?"

"ಆ ಮೇಡಂಗೂ ಫೋನ್ ಮಾಡು. ನಮ್ಮತ್ತೆ ಕೆಡಿಸಿಟ್ಟಿದ್ರು, ನಾಲ್ಕು ದಿನ ಕೊಡಿ ಅಂತ ಇದ್ದದ್ದನ್ನ ಇದ್ದ ಹಾಗೆ ಹೇಳು. ಅವ್ರಿಗೂ ಅತ್ತೆ ಇರ್ತಾರೆ."

ಮೇಡಂ ನಾಲ್ಕು ಕೊಡಲಿಲ್ಲ, ಎರಡು ಕೊಟ್ಟರು. ಬುಧವಾರ ಬೆಳಿಗ್ಗೆ ಹತ್ತಕ್ಕೆ, ಒಂದು ನಿಮಿಷ ತಡವಾದರೂ ಬೇಡ ಎಂದರು. ಅಂದಿನಿಂದ ಸೊಸೆ ಅಡುಗೆಮನೆಗೆ ಕಾಲಿಡಲಿಲ್ಲ, ಇಟ್ಟರೆ ಅತ್ತೆ ಅಟ್ಟುತ್ತಿದ್ದಳು. ಚೀಲದಮ್ಮ ಬೆಳಿಗ್ಗೆ ಬ್ರೆಡ್ಡು ಸುಟ್ಟಳು, ಮೊಟ್ಟೆ ಬೇಯಿಸಿದಳು, ಮಧ್ಯಾಹ್ನ ತಟ್ಟೆಯನ್ನು ಮೇಜಿಗೇ ತಂದಿಟ್ಟಳು. ಮಗ ಬಟ್ಟೆ ಒಗೆದ, ತನ್ನ ಬಿಳಿ ಅಂಗಿಯನ್ನು ನೀಲಿ ಮಾಡಿಕೊಂಡ. ಯಂತ್ರದ ಸದ್ದು ಬೇಡವೆಂದು ಕಾಜಾವನ್ನು ಕೈಯಲ್ಲೇ ಹೊಲಿಯುತ್ತ ಚೀಲದಮ್ಮ ಪಕ್ಕದಲ್ಲಿ ಕೂತಳು. ಕಮ್ಮಾರ ಮುಗಿದ, ಗಾರೆಯವನು ಮುಗಿದ, ಗಡಿಯಾರ ರಿಪೇರಿಯವನು ಮುಗಿದ.

ಮಂಗಳವಾರ ಸಂಜೆ ಉಳಿದದ್ದು ದರ್ಜಿ ಹೆಂಗಸಿನ ಚಿತ್ರವೊಂದೇ. ಸೊಸೆ ಅವಳ ಸೀರೆಗೆ ಬಣ್ಣ ತುಂಬುತ್ತಿದ್ದಳು. ಚೀಲದಮ್ಮ ಸೂಜಿಯನ್ನು ನೋಡಿದಳು. ಮೂರು ವಾರ ನುಂಗಿಕೊಂಡ ಮಾತು.

"ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಆ ಸೂಜಿ ಕಣ್ಣು ತಪ್ಪಾಗಿದೆ. ಇದನ್ನ ನೋಡಿದ್ರೆ ಹೊಲಿಯೋರ ಮನೆ ಮಕ್ಕಳು ನಗ್ತಾರೆ."

ಸೊಸೆ ಚಿತ್ರ ನೋಡಿದಳು. ಆಮೇಲೆ ಎದ್ದು, ಆ ಮನೆಗೆ ಬಂದ ಹನ್ನೊಂದು ವರ್ಷದಲ್ಲಿ ಮೊದಲ ಸಲ, ಅತ್ತೆಯ ಯಂತ್ರದ ಮುಂದೆ ಬಗ್ಗಿ ಸೂಜಿಯನ್ನು ಹತ್ತಿರದಿಂದ ನೋಡಿದಳು. "ಅಯ್ಯೋ, ಹೌದಲ್ಲ!" ಎಂದಳು. ತಿರುಗಿ ಬಂದು ತಪ್ಪು ಕಣ್ಣನ್ನು ಅಳಿಸಿ, ಪೆನ್ನನ್ನು ಅತ್ತೆಯ ಕಡೆ ಚಾಚಿದಳು.

"ಎಲ್ಲಿ ಬರ್ಬೇಕೋ ನೀವೇ ಇಡಿ."

"ನಾನಾ? ಕೆಡುತ್ತೆ ಕಣೇ."

"ಇನ್ನೇನು ಕೆಡುತ್ತೆ ಅತ್ತೆ, ಕೆಡೋದೆಲ್ಲ ಕೆಟ್ಟಾಯ್ತು."

ಚೀಲದಮ್ಮ ಪೆನ್ನು ಹಿಡಿದಳು. ಸೂಜಿ ಇದ್ದದ್ದು ಗಾಜಿನ ಬಲಗಡೆ ಕೆಳಗೆ, ಗೆರೆ ತುಂಡಾಗುತ್ತಿದ್ದ ಜಾಗದಲ್ಲೇ. ಉಸಿರು ಬಿಗಿಹಿಡಿದು ಮೊನೆಯ ಸ್ವಲ್ಪ ಮೇಲೆ ಒಂದು ಚುಕ್ಕೆ ಇಟ್ಟಳು. ಚುಕ್ಕೆ ಅಲ್ಲೇ ಮೂಡಿತು. ಆಮೇಲೆ ಯಾರೂ ಹೇಳದಿದ್ದರೂ, ಆ ಕಣ್ಣಿನಿಂದ ಬಟ್ಟೆಯವರೆಗೆ ದಾರವನ್ನೂ ಎಳೆದಳು. ದಾರ ಎಲ್ಲೂ ತುಂಡಾಗದೆ ಬಟ್ಟೆಗೆ ಹೋಗಿ ಸೇರಿತು.